ಅತ್ತೆಯ ಮೂಗು ಮತ್ತು ಪೆಟ್ರೋಲಿನ ವಾಸನೆ

ನನ್ನ ಗಂಡನ ಮೂಗು ಮುಖದ ಅಂದಕ್ಕೆ ಇತ್ತೇ ಹೊರತು ವಾಸನೆ ನೋಡುವುದಕ್ಕಲ್ಲ. ತಪಕೀರು, ಅಂದರೆ ನಶ್ಯ, ಏರಿಸಿ ಏರಿಸಿ ಅದು ಎಂದೋ ಕೆಲಸ ಬಿಟ್ಟಿತ್ತು. ಒಲೆಯ ಮೇಲೆ ಹಾಲು ಸೀದು ಮನೆಯೆಲ್ಲ ಕಮಟು ಹಿಡಿದರೂ ಅವರು ಓದುತ್ತಿದ್ದ ಪೇಪರಿನಿಂದ ತಲೆ ಎತ್ತುತ್ತಿರಲಿಲ್ಲ. ಅಂಥವರು ನಮ್ಮ ಕಾರಿನಲ್ಲಿ ಪೆಟ್ರೋಲಿನ ವಾಸನೆಯೇ ಇಲ್ಲವೆಂದು ಆಣೆ ಇಡುತ್ತಿದ್ದರು. ಅವರ ತಾಯಿ, ಅಂದರೆ ನನ್ನ ಅತ್ತೆಯ ಮೂಗು ಇದಕ್ಕೆ ತೀರ ಉಲ್ಟಾ. ಕಂಬಳಿಯ ಕಟ್ಟು ಬಿಚ್ಚುವ ಮೊದಲೇ ಇದು ಮಳೆಗೆ ತೊಯ್ದದ್ದು, ಇದು ಒಲೆಯ ಮನೆಯ ಅಟ್ಟದ ಮೇಲೆ ಇದ್ದದ್ದು ಎಂದು ಹೇಳಿಬಿಡುತ್ತಿದ್ದರು. ತಾಯಿಗೆ ಅಷ್ಟು ಮೂಗು ಕೊಟ್ಟ ದೇವರು ಮಗನ ಪಾಲಿಗೆ ಬರುವಷ್ಟರಲ್ಲಿ ಕೈ ಬರಿದು ಮಾಡಿಕೊಂಡಿದ್ದ.

ನಮ್ಮದು ಸೊಲ್ಲಾಪುರದ ನವಿ ಪೇಠದಲ್ಲಿ ಕಂಬಳಿ ಮತ್ತು ಚಾದರಗಳ ಅಂಗಡಿ. ಮಾವ ಚಿಕ್ಕವರಿದ್ದಾಗ ಹೆಗಲ ಮೇಲೆ ಕಂಬಳಿ ಹೊತ್ತು ಬಂದು ಸಂತೆಯಲ್ಲಿ ಮಾರಿದವರು. ಎಪ್ಪತ್ತರ ದಶಕದ ನಡುವಿನಲ್ಲಿ ಅವರು ಮಿಲ್ಲಿನ ಅಧಿಕಾರಿಯೊಬ್ಬರಿಂದ ಒಂದು ಹಳೆಯ ಕಾರು ಕೊಂಡರು. ನಮ್ಮ ಓಣಿಗೆ ಅದೇ ಮೊದಲನೆಯ ಕಾರು. ಆಗ ನಾನು ಅಕ್ಕಲಕೋಟೆಯಿಂದ ಸೊಸೆಯಾಗಿ ಬಂದು ಬಹಳ ದಿನವಾಗಿರಲಿಲ್ಲ. ಕಾರಿನ ಬೂದು ಬಣ್ಣ ನೋಡಿ, ಮುದಿ ಕತ್ತೆಯ ಹಾಗಿದೆ ಎಂದು ಅಂದುಬಿಟ್ಟು ಗಂಡನ ಕೆಂಗಣ್ಣಿಗೆ ಗುರಿಯಾಗಿದ್ದೆ.

ಕಾರು ಬಂದ ದಿನ ಪೂಜೆಯಾಯಿತು. ಬಾನೆಟ್ಟಿಗೆ ಕುಂಕುಮ, ಚೆಂಡು ಹೂವು, ಗಾಲಿಯ ಕೆಳಗೆ ನಿಂಬೆಹಣ್ಣು, ಎಲ್ಲ ಲೋಕಾರೂಢಿಯಂತೆಯೇ. ಆದರೆ ಅತ್ತೆ ಕಾರನ್ನು ಒಂದು ಸುತ್ತು ಹಾಕಿ ಬಂದು ಮಗನನ್ನು ಕೇಳಿದರು.

"ಅಲ್ಲೋ, ಇದು ಉಣ್ಣೂದು ಎಲ್ಲಿಂದ?"

"ಹಿಂದ ಝಾಕಣ ಅದ ನೋಡು. ಅದನ್ನ ತಗದು ಪೆಟ್ರೋಲ್ ಹಾಕ್ತಾರ."

"ಮತ್ತ ಹಣಿಗಿ ಕುಂಕುಮ ಹಚ್ಚಿ ಬಾಯಿ ಮರತ್ರ ಹ್ಯಾಂಗ? ಪೂಜಿ ಉಣ್ಣೂ ಬಾಯಿಗಿ ಆಗಬೇಕು."

ಅತ್ತೆಯ ತವರು ಅಕ್ಕಲಕೋಟೆ ತಾಲೂಕಿನ ನಾಗಣಸೂರು. ಕುರಿ ಕಾಯುವ ಮನೆತನ, ಮನೆದೇವರು ಬೀರೋಬಾ. ಹಿಂಡು ದೂರದ ಮೇವಿಗೆ ಹೊರಡುವಾಗ ಮುಂದಿನ ಟಗರಿನ ಹಣೆಗೂ ಬಾಯಿಗೂ ಭಂಡಾರ ಹಚ್ಚಿ ಕಳಿಸುವುದು ಅವರ ಮನೆಯ ಪದ್ಧತಿ. ಭಂಡಾರವೆಂದರೆ ದೇವರ ಅರಿಶಿನದ ಪುಡಿ. ಅದನ್ನು ಎಣ್ಣೆಯಲ್ಲಿ ಕಲಸಿ ಅತ್ತೆ ಕಾರಿನ ಪೆಟ್ರೋಲ್ ಮುಚ್ಚಳಕ್ಕೆ ದಪ್ಪಗೆ ಮೆತ್ತಿದರು. ಮೇಲೆ ಕರ್ಪೂರದ ಆರತಿ ಎತ್ತಿದರು. ಆಮೇಲೆ ಪ್ರತಿ ಹಬ್ಬಕ್ಕೂ ಪ್ರತಿ ದೂರದ ಪ್ರಯಾಣಕ್ಕೂ ಅದೇ ನಡೆಯಿತು. ಟಗರಿಗೆ ಮಾಡಿದ್ದನ್ನು ಕಾರಿಗೂ ಮಾಡುವ ಆ ಪ್ರೀತಿ ನನಗೆ ಬಹಳ ಹಿಡಿಸಿತ್ತು, ಸುಳ್ಳು ಯಾಕೆ ಹೇಳಲಿ.

ಅತ್ತೆಗೆ ನಾಗಣಸೂರಿನಲ್ಲಿ ಒಬ್ಬಳೇ ಅಕ್ಕ. ತಾಯಿ ಹಿಂಡಿನ ಜೊತೆ ಹೋದಾಗಲೆಲ್ಲ ಅತ್ತೆಯನ್ನು ಬಗಲಲ್ಲಿ ಎತ್ತಿಕೊಂಡು ಬೆಳೆಸಿದವರು ಆ ಅಕ್ಕನೇ. ಮದುವೆಯಾದ ಮೇಲೂ ಅವರು ಅದೇ ಊರಿನಲ್ಲಿ ಉಳಿದು, ಮುಪ್ಪಿನ ತಾಯಿಯನ್ನು ನೋಡಿಕೊಂಡರು. ತಾಯಿ ತೀರಿಕೊಂಡ ದಿನ ಅತ್ತೆಗೆ ಸುದ್ದಿ ಮುಟ್ಟಿದ್ದೇ ತಡವಾಗಿ, ಅದರ ಮೇಲೆ ಬಸ್ಸೂ ಕೈಕೊಟ್ಟಿತು. ಇವರು ಊರು ಸೇರುವಷ್ಟರಲ್ಲಿ ಮಣ್ಣು ಮಾಡಿ ಎಲ್ಲರೂ ಮನೆಗೆ ಬಂದಿದ್ದರು. ಅಕ್ಕ ಅಳುತ್ತಲೇ ಹತ್ತು ಮಂದಿಯ ಎದುರಿಗೆ, "ಪ್ಯಾಟಿಯಾಕಿ ಬಂದಾಳ, ಮೊದಲ ಉಣ್ಣಾಕ ನೀಡ್ರಿ" ಎಂದರಂತೆ. ಅತ್ತೆ ಆ ಮನೆಯಲ್ಲಿ ಒಂದು ಗುಟುಕು ನೀರೂ ಕುಡಿಯದೆ ಹಿಂದಿರುಗಿದರು. ಆಮೇಲೆ ಇವರೂ ಹೋಗಲಿಲ್ಲ, ಅವರೂ ಕರೆಯಲಿಲ್ಲ. ಆದರೂ ಒಳ್ಳೆಯ ಕಂಬಳಿಯೊಂದು ಅಂಗಡಿಗೆ ಬಂದರೆ ಸಾಕು, ಅತ್ತೆ ಅದನ್ನು ಕೆನ್ನೆಗೆ ಒತ್ತಿಕೊಂಡು, "ಇದು ನಮ್ಮ ಅಕ್ಕಗ ಚಲೋ ಆಗ್ತಿತ್ತು" ಎನ್ನುತ್ತಿದ್ದರು.

ಕಾರು ಬಂದ ಮರುವರ್ಷದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಅಕ್ಕನ ಮಗ ಅಂಗಡಿಗೆ ಬಂದ. ಅವನಿಗೆ ಹೋಟಗಿಯಲ್ಲಿ ರೈಲ್ವೆ ಕೆಲಸ. ಊಟಕ್ಕೆ ಕರೆದರೂ ಒಳಗೆ ಬರಲಿಲ್ಲ, ಬಾಗಿಲಲ್ಲೇ ನಿಂತು ಹೇಳಿದ.

"ಸಣ್ಣವ್ವ, ಅವ್ವ ಬಿದ್ದಾಳ. ಟೊಂಕದ ಎಲುಬು ಮುರದದ. ಮತ್ತ ಏಳೂದು ಕಠಿಣ ಅಂತಾರ. ನಿನಗ ಬಾ ಅಂತ ಹೇಳು ಅಂದಾಳ. ಏಳಾಕ ಬರೂಹಂಗಿದ್ರ ನಾನ ಹೋಗಿ ಕರಕೊಂಡ ಬರ್ತಿದ್ದೆ ಅಂದ್ಳು."

ಅತ್ತೆ ಅಳಲಿಲ್ಲ. ಒಳಗೆ ಹೋಗಿ ಇದ್ದವುಗಳಲ್ಲೇ ಮೆತ್ತಗಿನ ಕಂಬಳಿ ಆರಿಸಿ ತೆಗೆದಿಟ್ಟರು. ಅವರ ಮೊಣಕಾಲುಗಳಿಗೆ ರೈಲಿನ ಮೆಟ್ಟಿಲು, ಬಸ್ಸಿನ ಮೆಟ್ಟಿಲು ಎರಡೂ ಆಗುತ್ತಿರಲಿಲ್ಲ. ಕಾಲು ಚಾಚಿ ಕೂತು ಹೋಗಲು ಕಾರೇ ಬೇಕಿತ್ತು. ಕಾರು ಬಾಗಿಲಲ್ಲೇ ನಿಂತಿತ್ತು. ಹೋಗುವುದೇನು ದೊಡ್ಡ ಮಾತು ಎಂದು ನಾವೆಲ್ಲ ತಿಳಿದಿದ್ದೆವು.

ಹೊರಡುವ ದಿನ ಗಂಡ ಟಾಕಿ ತುಂಬ ಪೆಟ್ರೋಲು ಹಾಕಿಸಿ ತಂದರು. ಕಂಬಳಿ, ಶೇಂಗಾದ ಹಿಂಡಿ, ಜೋಳದ ಕಟಕ ರೊಟ್ಟಿಯ ಗಂಟು, ಎಲ್ಲ ಹಿಂದಿನ ಡಿಕ್ಕಿಗೆ ಹೋದವು. ಅತ್ತೆ ಮುಚ್ಚಳಕ್ಕೆ ಭಂಡಾರ ಮೆತ್ತಿ ಆರತಿ ಮಾಡಿದರು. ಓಣಿಯ ಹೆಂಗಸರು ಬಂದು ಮಾತಾಡಿ ಕಳಿಸುವಷ್ಟರಲ್ಲಿ ಕಾರು ಬಿಸಿಲಲ್ಲಿ ಕಾದು ಹಂಚಾಗಿತ್ತು. ಧೂಳಿಗೆ ಹೆದರಿ ಹಿಂದಿನ ಗಾಜು ಏರಿಸಿಕೊಂಡು ಹೊರಟೆವು. ಕುಂಭಾರಿ ದಾಟುವಾಗಲೇ ಅತ್ತೆಯ ಮುಖ ಬಿಳಿಚಿತು. ವಳಸಂಗ ಬರುವಷ್ಟರಲ್ಲಿ ಹೊಟ್ಟೆಯಲ್ಲಿದ್ದದ್ದೆಲ್ಲ ಹೊರಗೆ ಬಂತು.

"ವಾಸನಿ, ಯವ್ವಾ, ವಾಸನಿ" ಎಂದರು ನನ್ನ ಕೈ ಹಿಡಿದು. "ತಲಿಯೊಳಗ ಹೋಗಿ ಕೂಡಾಕತ್ತದ."

ನನಗೂ ವಾಸನೆ ಬರುತ್ತಿತ್ತು. ಮುಂದೆ ಗಾಜು ಇಳಿಸಿಕೊಂಡು ಕಾರು ಓಡಿಸುತ್ತಿದ್ದ ಗಂಡ ತಿರುಗಿ ನೋಡಿ, "ಯಾವ ವಾಸನಿ?" ಎಂದರು. ಆ ಹೊತ್ತಿಗೆ ನನಗೆ ಬಂದ ಸಿಟ್ಟು ಈಗ ನೆನೆಸಿಕೊಂಡರೂ ಪೂರ್ತಿ ಆರಿಲ್ಲ. ಕಾರು ಹಿಂದಕ್ಕೆ ತಿರುಗಿತು.

ಮೆಕ್ಯಾನಿಕ್ ಬಂದು ಕಾರ್ಬುರೇಟರ್ ಬಿಚ್ಚಿ ತೊಳೆದ. ಇಂಜಿನ್ನಿನ ಹತ್ತಿರದ ಪೆಟ್ರೋಲ್ ಪೈಪು ಬದಲಿಸಿದ. ಎಲ್ಲೂ ಒಂದು ಹನಿ ಸೋರುತ್ತಿರಲಿಲ್ಲ. ಎರಡನೆಯ ಸಲ ಹೊರಟಾಗ ಅತ್ತೆ ನಿಂಬೆಹಣ್ಣು ಮೂಸುತ್ತ ಕೂತರು. ದೇವರ ದಯೆ ಹೆಚ್ಚಿಗೆ ಇರಲೆಂದು ಭಂಡಾರವನ್ನೂ ಹೆಚ್ಚಿಗೆ ಮೆತ್ತಿದ್ದರು. ವಾಸನೆ ಮೊದಲಿಗಿಂತ ಜೋರಾಗಿತ್ತು. ಮತ್ತೆ ವಳಸಂಗದಿಂದ ಹಿಂದಕ್ಕೆ ಬಂದೆವು.

ಮೂರನೆಯ ಸಲ ಅವರು ಉಪವಾಸ ಹಿಡಿದು, ಮುಚ್ಚಳವೇ ಕಾಣದ ಹಾಗೆ ಭಂಡಾರ ಹಚ್ಚಿ ಹೊರಟರು. ಆ ಸಲ ಎಚ್ಚರ ತಪ್ಪಿತು. ರಸ್ತೆಯ ಬದಿಯ ಬೇವಿನ ಮರದ ಕೆಳಗೆ ಮಲಗಿಸಿ ಮುಖಕ್ಕೆ ನೀರು ಹಾಕಿದೆ. ನನ್ನ ತೊಡೆಯ ಮೇಲೆ ತಲೆಯಿಟ್ಟುಕೊಂಡು ಕಣ್ಣು ತೆರೆದರು.

"ಬೀರೋಬಾ ಬ್ಯಾಡ ಅನ್ನಾಕತ್ತಾನ" ಎಂದರು. "ಅಕ್ಕ ಬಾಯಿಲೆ ಬಾ ಅಂದಾಳ, ಆಕಿ ಹೊಟ್ಟ್ಯಾಗಿನ ಸಿಟ್ಟು ಹೋಗಿಲ್ಲ. ಇಲ್ಲಾಂದ್ರ ದೇವ್ರು ಯಾಕ ಹಿಂಗ ಹಿಂದಕ್ಕ ದಬ್ತಾನ? ಸಾಕು, ಮನಿಗಿ ನಡೀರಿ."

ಮನೆಗೆ ಬಂದವರು ಅಕ್ಕನ ಹೆಸರು ಎತ್ತುವುದನ್ನೇ ಬಿಟ್ಟರು. ಕುರ್ಚಿಯಲ್ಲಿ ಕೂರಿಸಿ ನಾಲ್ಕು ಜನ ರೈಲಿಗೆ ಏರಿಸುತ್ತೇವೆ ಎಂದು ಮಾವ ಹೇಳಿ ನೋಡಿದರು. "ದೇವ್ರು ಬ್ಯಾಡ ಅಂದ ಮ್ಯಾಲ ರೈಲು ಏನು, ಇಮಾನ ಏನು" ಎಂದು ಮುಖ ತಿರುಗಿಸಿದರು. ಅತ್ತ ನಾಗಣಸೂರಿನಲ್ಲಿ ಅಕ್ಕ ದಿನದಿನಕ್ಕೆ ಇಳಿಯುತ್ತಿದ್ದಾರೆಂದು ಅವರ ಮಗ ಬಂದು ಹೇಳಿ ಹೋದ. ಅವನ ಮುಖದಲ್ಲಿ ಬೇಸರವಿತ್ತು. ನಾವು ಬೇಕೆಂದೇ ಬರುತ್ತಿಲ್ಲ ಎಂದು ಅವನು ತಿಳಿದಂತಿತ್ತು. ಹೊರಟು ಹಿಂದಿರುಗಿದ ಸಂಗತಿಯನ್ನು ಹೇಳಬೇಡಿರೆಂದು ಅತ್ತೆ ನಮ್ಮ ಬಾಯಿ ಕಟ್ಟಿಹಾಕಿದ್ದರು. ದೇವರು ಹಿಂದಕ್ಕೆ ಕಳಿಸಿದನೆಂಬುದು ಅಕ್ಕನಿಗೆ ತಿಳಿದರೆ ಅವರು ನೊಂದುಕೊಂಡಾರು ಎಂಬ ಹೆದರಿಕೆ.

ನಾನು ಡಿಕ್ಕಿಯಿಂದ ಅಕ್ಕನಿಗೆಂದು ಇಟ್ಟಿದ್ದ ಆ ಕಂಬಳಿ ತೆಗೆದೆ, ಮಡಚಿ ಟ್ರಂಕಿಗೆ ಇಡೋಣವೆಂದು. ಮುಖಕ್ಕೆ ಹೊಡೆದ ಹಾಗೆ ಪೆಟ್ರೋಲಿನ ವಾಸನೆ ಬಂತು. ಮುಟ್ಟಿ ನೋಡಿದೆ, ಎಲ್ಲೂ ಒದ್ದೆಯಿಲ್ಲ. ಹಿಂದಿನ ಸೀಟಿನ ಮೇಲೆ ಅತ್ತೆಯ ಕಾಲ ಕೆಳಗೆ ಹಾಸಿದ್ದ ಇನ್ನೊಂದು ಕಂಬಳಿ ಮೂಸಿದೆ. ಅದರಲ್ಲಿ ಅಷ್ಟಿರಲಿಲ್ಲ. ಉಣ್ಣೆಗೆ ಒಂದು ಚಟವಿದೆ. ಪಕ್ಕದಲ್ಲಿ ಏನಿದ್ದರೂ ಅದರ ವಾಸನೆ ಹೀರಿಕೊಂಡು ಬೇಗ ಬಿಡುವುದಿಲ್ಲ. ಕಂಬಳಿ ಅಂಗಡಿಯವರಿಗೆ ಇದು ದಿನದ ರಗಳೆ. ಗೋದಾಮಿನಲ್ಲಿ ಯಾರಾದರೂ ಒಮ್ಮೆ ಸೀಮೆಎಣ್ಣೆ ಇಟ್ಟರೆ ಗಿರಾಕಿಗಳು ತಿಂಗಳುಗಟ್ಟಲೆ ಮೂಗು ಮುರಿಯುತ್ತಾರೆ. ಹಾಗಾದರೆ ವಾಸನೆ ಎಲ್ಲಿ ಹೆಚ್ಚಿದೆಯೆಂದು ಉಣ್ಣೆಯನ್ನೇ ಏಕೆ ಕೇಳಬಾರದು ಎನ್ನಿಸಿತು.

ಮರುದಿನ ಗಂಡನಿಗೆ ಟಾಕಿ ತುಂಬಿಸಿ ತರಲು ಹೇಳಿದೆ. ಗೋದಾಮಿನಿಂದ ತೊಳೆದು ಒಣಗಿಸಿದ ಉಣ್ಣೆ ತಂದು ಮುಷ್ಟಿ ಮುಷ್ಟಿ ಉಂಡೆ ಮಾಡಿ, ಒಂದೊಂದಕ್ಕೆ ಒಂದೊಂದು ಬಣ್ಣದ ದಾರ ಕಟ್ಟಿದೆ. ಕೆಂಪು ದಾರದ್ದು ಇಂಜಿನ್ನಿನ ಹತ್ತಿರ, ನೀಲಿಯದು ಸೀಟಿನ ಕೆಳಗೆ, ಬಿಳಿಯದು ಡಿಕ್ಕಿಯ ಒಂದು ಮೂಲೆಗೆ, ಹಸಿರಿನದು ಡಿಕ್ಕಿಯಲ್ಲೇ ಪೆಟ್ರೋಲಿನ ಕೊಳವೆ ಹೊರಗಿನಿಂದ ಬಂದು ಟಾಕಿಗೆ ಇಳಿಯುವ ಕಡೆಗೆ. ಗಾಜು ಏರಿಸಿ ಕಾರನ್ನು ಬಿಸಿಲಿಗೆ ಬಿಟ್ಟೆ. ಗಂಡ ಕಟ್ಟೆಯ ಮೇಲೆ ಕೂತು ತಪಕೀರು ಏರಿಸುತ್ತ ಕೇಳಿದರು.

"ಇದೇನು ಕುರಿಗಿ ಮದ್ದು ಕಟ್ಟಾಕತ್ತೀಯೋ, ಗಾಡಿ ದುರಸ್ತಿ ಮಾಡಾಕತ್ತೀಯೋ?"

"ನೀವು ಸುಮ್ಮನ ಕೂಡ್ರಿ. ಮೂಗಿದ್ದವರಿಗಷ್ಟ ಇದು" ಎಂದೆ.

ಇಳಿಹೊತ್ತಿಗೆ ಉಂಡೆಗಳನ್ನು ಒಂದೊಂದು ಬಟ್ಟಲಲ್ಲಿ ಮುಚ್ಚಿ ತಂದು ಅತ್ತೆಯ ಮುಂದಿಟ್ಟೆ. ನಾನೇ ಮೂಸಬಹುದಿತ್ತು. ಆದರೆ ಅಷ್ಟು ದಿನದಿಂದ ಗೋಡೆಗೆ ಮುಖ ಮಾಡಿ ಮಲಗಿದ್ದವರನ್ನು ಎಬ್ಬಿಸಲು ನನಗೊಂದು ನೆವ ಬೇಕಿತ್ತು.

"ಅತ್ತಿ, ನನಗ ನಿಮ್ಮ ಮೂಗು ಬೇಕ್ರಿ."

"ನಿನ್ನ ಗಂಡಗ ಕೊಡಾಕೇನು?" ಎಂದರು ಮಲಗಿದ್ದಲ್ಲಿಂದಲೇ. ನನಗೆ ನಗು ಬಂತು, ಅವರಿಗೂ ಬಂತು. ಎದ್ದು ಕೂತು ಒಂದೊಂದಾಗಿ ಮೂಸಿದರು. ಕೆಂಪಿನದಕ್ಕೆ, "ಇದರಾಗ ಬರೇ ಎಣ್ಣಿ ಜಿಡ್ಡು" ಎಂದರು. ನೀಲಿಯದಕ್ಕೆ, "ಇದರಾಗ ಸ್ವಲ್ಪ ಅದ." ಬಿಳಿಯದಕ್ಕೆ, "ಇದರಾಗ ಜಾಸ್ತಿ." ಹಸಿರಿನದನ್ನು ಮೂಗಿನ ಹತ್ತಿರ ಒಯ್ಯುವ ಮೊದಲೇ ಕೈ ಚಾಚಿ ದೂರ ಹಿಡಿದು, "ಇದ ನೋಡು ನನ್ನ ವೈರಿ" ಎಂದರು.

ಎಲ್ಲರೂ ಮುಂದೆ ಹುಡುಕಿದ್ದರು. ತಪ್ಪು ಹಿಂದೆ ಇತ್ತು.

ಮರುದಿನ ಬೆಳಿಗ್ಗೆ ಕಂಬಳಿ ತೊಳೆಯುವ ಅಂಟವಾಳಕಾಯಿಯನ್ನು ನೆನೆಸಿ ಕಿವುಚಿ ದಪ್ಪ ನೊರೆ ಮಾಡಿದೆ. ಸೈಕಲ್ಲಿನ ಟ್ಯೂಬನ್ನು ನೀರಲ್ಲಿ ಮುಳುಗಿಸಿ ಪಂಕ್ಚರ್ ಹುಡುಕುವುದನ್ನು ನೋಡಿದ್ದೆ. ಟಾಕಿಯನ್ನು ಮುಳುಗಿಸಲು ಆಗುವುದಿಲ್ಲ, ನೊರೆಯನ್ನಾದರೂ ಹಚ್ಚಬಹುದಲ್ಲ. ಹಸಿರು ದಾರ ಇಟ್ಟಿದ್ದ ಕಡೆ ಕಬ್ಬಿಣದ ಕೊಳವೆಗೂ ಟಾಕಿಗೂ ನಡುವೆ ಒಂದು ಗೇಣು ರಬ್ಬರಿನ ತುಂಡು ಇತ್ತು. ಅದರ ಸುತ್ತ ನೊರೆ ಬಳಿದು ಕಾದೆ. ಏನೂ ಆಗಲಿಲ್ಲ. ಗಂಡ ಕಟ್ಟೆಯಿಂದ ಇಳಿದು ಬಂದು ಪಕ್ಕದಲ್ಲಿ ಕೂತರು. ಬಿಸಿಲು ಏರಿ ಕಾರಿನ ಮೈ ಕಾದ ಮೇಲೆ ಮತ್ತೆ ಹೊಸ ನೊರೆ ಬಳಿದೆ. ಈ ಸಲ ರಬ್ಬರಿನ ಕೆಳಗಡೆಯಿಂದ ಒಂದು ಗುಳ್ಳೆ ನಿಧಾನಕ್ಕೆ ಉಬ್ಬಿತು. ಅದು ಒಡೆಯುವ ಮೊದಲೇ ಇನ್ನೊಂದು ಬಂತು. ಹಾಲು ಉಕ್ಕುವ ಮುಂಚೆ ಅಂಚಿನಲ್ಲಿ ಗುಳ್ಳೆ ಏಳುತ್ತವಲ್ಲ, ಹಾಗೆ. ಮೂಗಿಗೆ ಸಿಗದ್ದು ಕೊನೆಗೆ ಗಂಡನ ಕಣ್ಣಿಗೆ ಸಿಕ್ಕಿತು. ಅವರೇ ಸೈಕಲ್ ಹತ್ತಿ ಹೋಗಿ ಮೆಕ್ಯಾನಿಕ್‌ನನ್ನು ಕರೆತಂದರು.

ಮೆಕ್ಯಾನಿಕ್ ಮಾತಿಗೆ ಮುಂದಿನವನು, ಕೆಲಸದಲ್ಲೂ ಹಿಂದಿನವನೇನಲ್ಲ. ಗುಳ್ಳೆ ನೋಡಿ ಹಣೆ ಬಡಿದುಕೊಂಡ.

"ಇಂಜಿನ್ ಮುಂದ ಅದ ಅಂತ ವಾಸನಿನೂ ಮುಂದ ಹುಡಕಿದೆ, ಭಾಬಿ. ಇಲ್ಲಿಂದ ಪೆಟ್ರೋಲ್ ಬರಾಕತ್ತಿಲ್ಲ, ಬರೇ ಹವಾ ಬರಾಕತ್ತದ. ಪೆಟ್ರೋಲಿನ ಹವಾ. ಅದಕ್ಕ ಒಂದು ಹನಿನೂ ಕಾಣಲಿಲ್ಲ. ರಬ್ಬರ್ ಹಳೇದಾಗಿ ಸೀಳ್ಯದ. ಆದ್ರ ಇಷ್ಟು ಜೋರ್ ಯಾಕ ಹೊರಗ ದಬ್ತದ?"

ಗಂಡ ಪೆಟ್ರೋಲ್ ಮುಚ್ಚಳ ತಿರುಗಿಸಿದರು. ಬುಸ್ ಎಂದಿತು, ಒಳಗೆ ಹಾವು ಇದ್ದ ಹಾಗೆ. ಮೆಕ್ಯಾನಿಕ್ ಮುಚ್ಚಳವನ್ನು ಕೈಗೆ ತೆಗೆದುಕೊಂಡು ತಿರುವಿ ನೋಡಿದ. ಹೊರಗಡೆ ಹಳದಿ ಪದರದ ಮೇಲೆ ಪದರ, ಗಾರೆ ಗಿಲಾವು ಮಾಡಿದ ಗೋಡೆಯ ಹಾಗೆ ಗಟ್ಟಿಯಾಗಿ ಕೂತಿತ್ತು.

"ಇದರಾಗ ಒಂದು ಸಣ್ಣ ತೂತು ಇರತದ" ಎಂದ. "ಟಾಕಿ ಉಸಿರಾಡೂದ ಅದರಿಂದ. ಬಿಸಲಿಗೆ ಒಳಗಿನ ಹವಾ ಉಬ್ಬಿದ್ರ ಹೊರಗ ಹೋಗಬೇಕಲ್ಲ? ಯಾರೋ ಮುಚ್ಚ್ಯಾರ. ಅದಕ್ಕ ಅದು ರಬ್ಬರ್ ಸೀಳಿದ ಕಡೆಯಿಂದ ಡಿಕ್ಕ್ಯಾಗ ನುಗ್ಗಾಕತ್ತದ. ಏನಿದು ಹಳದಿ?"

ನಾನೂ ಗಂಡನೂ ಮುಖ ಮುಖ ನೋಡಿಕೊಂಡೆವು. "ಭಂಡಾರ" ಎಂದೆ ಸಣ್ಣ ದನಿಯಲ್ಲಿ. "ಅತ್ತಿ ಪೂಜಿ ಮಾಡ್ತಾರ. ಎಣ್ಣ್ಯಾಗ ಕಲಸಿ ಹಚ್ಚಿ, ಆಮ್ಯಾಲ ಕರ್ಪೂರದ ಆರತಿ."

"ಆರತಿ?" ಮೆಕ್ಯಾನಿಕ್ ಅಲ್ಲೇ ನೆಲದ ಮೇಲೆ ಕೂತುಬಿಟ್ಟ. "ಪೆಟ್ರೋಲಿನ ಬಾಯಿ ಮುಂದ, ಬೆಂಕಿ? ಭಾಬಿ, ನಿಮ್ಮ ದೇವ್ರು ಭಾಳ ದೊಡ್ಡಾಂವ."

ಅಷ್ಟೂ ಸಲ ಅತ್ತೆ ಆ ಮುಚ್ಚಳದ ಮುಂದೆ ತಟ್ಟೆ ಹಿಡಿದು, ಕಣ್ಣು ಮುಚ್ಚಿ, ತುಟಿ ಅಲುಗಿಸುತ್ತ ನಿಂತದ್ದು ನೆನಪಾಯಿತು. ದೇವರು ಹಿಂದಕ್ಕೆ ದಬ್ಬಿದನೆಂದು ಅವರು ಹೇಳುತ್ತಿದ್ದರು. ನನಗಂತೂ ಅವನು ಕೈ ಅಡ್ಡ ಹಿಡಿದು ಕಾಪಾಡಿದನೆಂದೇ ಅನ್ನಿಸಿತು.

ಮೆಕ್ಯಾನಿಕ್ ಹಳೆಯ ರಬ್ಬರ್ ಕತ್ತರಿಸಿ ತೆಗೆದು, ಹೊಸ ದಪ್ಪ ರಬ್ಬರಿನ ಕೊಳವೆ ಹಾಕಿ, ಎರಡೂ ತುದಿಗೆ ಕ್ಲಿಪ್ಪು ಬಿಗಿದ. ಮುಚ್ಚಳದ ತೂತನ್ನು ನಾನೇ ಬಿಡಿಸಿದೆ, ಕಂಬಳಿ ಹೊಲಿಯುವ ದಬ್ಬಣದಿಂದ. ದೇವರ ಭಂಡಾರವೆಂದು ಕೆರೆದು ತೆಗೆದದ್ದನ್ನೆಲ್ಲ ಎಲೆಯಲ್ಲಿ ಹಿಡಿದು ತುಳಸಿಯ ಕಟ್ಟೆಗೆ ಹಾಕಿದೆ. ತೂತಿಗೆ ಬಾಯಿಟ್ಟು ಊದಿದೆ. ಗಾಳಿ ಸರಾಗವಾಗಿ ಹೋಯಿತು. ಮರುದಿನ ಉರಿಬಿಸಿಲಲ್ಲಿ ಮತ್ತೆ ನೊರೆ ಬಳಿದು ಕೂತೆವು. ನೊರೆ ಇದ್ದ ಹಾಗೇ ಒಣಗಿತು. ಡಿಕ್ಕಿಯಲ್ಲಿ ಹೊಸದಾಗಿ ಇಟ್ಟಿದ್ದ ಉಣ್ಣೆಯನ್ನು ಒಯ್ದು ಅತ್ತೆಯ ಕೈಗೆ ಕೊಟ್ಟೆ. ಬಹಳ ಹೊತ್ತು ಮೂಸಿದರು.

"ಇದರಾಗ ಬರೇ ಕುರಿ ವಾಸನಿ" ಎಂದರು.

ಗಾಡಿ ಸರಿಯಾಯಿತು, ಈಗ ಅತ್ತೆಗೆ ಹೇಳುವುದು ಹೇಗೆ? ಗಂಡ ನನ್ನನ್ನು ಒಳಗೆ ಕರೆದು ಪಿಸುಗುಟ್ಟಿದರು.

"ಅವ್ವಗ ಹೇಳಬ್ಯಾಡ. ತನ್ನ ಕೈಯಿಂದನ ಇಷ್ಟು ದಿನ ಹೋಗೂದು ತಪ್ಪಿತು ಅಂತ ಎದಿ ಒಡಕೊಂತಾಳ. ಆಕಿ ಹಚ್ಚಲಿ, ನಾ ಹಿಂದಿಂದ ಒರಸಿ ಬಿಡ್ತೀನಿ."

ಮಾವನಿಗೆ ಅದು ಸೇರಲಿಲ್ಲ. "ದೇವ್ರಿಗಿ ಹಚ್ಚಿದ್ದನ್ನ ಕಳ್ಳರಂಗ ಒರಸತೀಯೇನೋ?" ಎಂದು ಮಗನನ್ನು ಗದರಿ ನನ್ನ ಕಡೆ ತಿರುಗಿದರು. "ನೀನ ಹೇಳವ್ವಾ. ನಾ ಹೇಳಿದ್ರ ಜಗಳ ತಗೀತಾಳ, ನೀ ಹೇಳಿದ್ರ ಕೇಳ್ತಾಳ."

ಅತ್ತೆಯ ತಲೆಗೆ ಎಣ್ಣೆ ಹಚ್ಚುತ್ತ ಹೇಳಿದೆ. ಎದುರಿಗೆ ಕೂತು ಹೇಳುವ ಧೈರ್ಯ ನನಗಿರಲಿಲ್ಲ, ಬೆನ್ನ ಹಿಂದೆ ಇದ್ದರೆ ಅವರ ಮುಖ ಕಾಣುವುದಿಲ್ಲ ಎಂಬ ಲೆಕ್ಕ. ಕಾರು ಉಣ್ಣುವುದೂ ಉಸಿರಾಡುವುದೂ ಒಂದೇ ಕಡೆಯಿಂದ ಎಂದೆ. ಟಗರಿನ ಬಾಯಿಗೆ ಭಂಡಾರ ಹಚ್ಚುತ್ತೀರಿ, ಮೂಗಿನ ಹೊಳ್ಳೆಗೆ ಮೆತ್ತುತ್ತೀರೇನು ಎಂದು ಕೇಳಿದೆ. ತೂತು, ರಬ್ಬರು, ಬಿಸಿಲು ಎಲ್ಲ ಹೇಳಿ ಮುಗಿಸಿದೆ. ನನ್ನ ಕೈ ಅವರ ತಲೆಯ ಮೇಲೆ ನಿಂತಿತು. ನೋಯಿಸಿಬಿಟ್ಟೆನಲ್ಲಾ ಎನ್ನಿಸಿತು. ಅವರು ಥಟ್ಟನೆ ನನ್ನ ಕಡೆ ತಿರುಗಿದರು. ಮುಖ ಚಿಕ್ಕ ಹುಡುಗಿಯದಾಗಿತ್ತು.

"ಹಂಗಾರ ಬೀರೋಬಾ ಬ್ಯಾಡ ಅಂದಿಲ್ಲ?"

"ಇಲ್ರಿ ಅತ್ತಿ. ಅಂವ ಯಾವಾಗೂ ಬ್ಯಾಡ ಅಂದಿಲ್ಲ."

"ಅಕ್ಕನ ಹೊಟ್ಟ್ಯಾಗ ಸಿಟ್ಟಿಲ್ಲ?"

"ಸಿಟ್ಟಿದ್ರ ಬಾ ಅಂತಿದ್ರೇನ್ರಿ?"

"ಹಂಗಾರ ನನ್ನ ಕೈಯಿಂದ ತಪ್ಪಾದ್ರೂ ಚಿಂತಿಲ್ಲ" ಎಂದರು. "ನನ್ನ ತಪ್ಪನ್ನ ನಾ ತಿದ್ದಕೊಂತೀನಿ. ದೇವ್ರು ಬ್ಯಾಡ ಅಂದಿದ್ರ ಎಲ್ಲಿ ಹೋಗ್ತಿದ್ದೆ? ಏಳು, ಹೊಂಡೂಣು."

ಎಣ್ಣೆ ತಲೆಯಲ್ಲೇ ಹೊರಟರು. ಸೀರೆ ಬದಲಿಸಲೂ ಒಪ್ಪಲಿಲ್ಲ. ಒಂದು ಚಿಟಿಕೆ ಒಣ ಭಂಡಾರವನ್ನು ಬಾನೆಟ್ಟಿನ ಮೇಲೆ ಚೆಲ್ಲಿ, ಇನ್ನೊಂದು ಚಿಟಿಕೆಯನ್ನು ಮಗನ ಹಣೆಗೂ ನನ್ನ ಹಣೆಗೂ ಒತ್ತಿದರು. ಆರತಿ ಇಲ್ಲ. ವಳಸಂಗ ಬಂದಾಗ ಗಂಡನ ಕಾಲು ತಾನಾಗಿಯೇ ಬ್ರೇಕಿನ ಮೇಲೆ ಹೋಯಿತು. ಕನ್ನಡಿಯಲ್ಲಿ ತಾಯಿಯ ಮುಖ ನೋಡಿದರು.

"ಯಾಕೋ ನಿಧಾನ ಮಾಡಿದಿ? ಹೊಡಿ" ಎಂದರು ಅತ್ತೆ.

ಅಕ್ಕಲಕೋಟೆಯಲ್ಲಿ ನನ್ನ ತವರಿನ ಓಣಿಯ ಮುಂದೆಯೇ ಕಾರು ಹಾದು ಹೋಯಿತು. ಒಂದು ಗಳಿಗೆ ನಿಲ್ಲಿಸಿರೆಂದು ನಾನು ಕೇಳಲಿಲ್ಲ. ಆ ದಿನ ತವರಿಗೆ ಹೋಗುವ ಸರದಿ ನನ್ನದಲ್ಲ.

ನಾಗಣಸೂರಿನ ಆ ಮನೆಯ ಪಡಸಾಲೆಯಲ್ಲಿ ಹೊರಸಿನ ಮೇಲೆ ಅಕ್ಕ ಮಲಗಿದ್ದರು. ಹೊದಿಕೆಯ ಕೆಳಗೆ ಮನುಷ್ಯರು ಇದ್ದಾರೋ ಇಲ್ಲವೋ ಎನ್ನುವಷ್ಟು ಇಳಿದಿದ್ದರು. ಕಣ್ಣು ಮಾತ್ರ ಅತ್ತೆಯವೇ. ಬಾಗಿಲು ದಾಟಿ ಬಂದ ಅತ್ತೆ ಹೊರಸಿನ ಅಂಚು ಹಿಡಿದು, ನೋಯುವ ಮೊಣಕಾಲು ಲೆಕ್ಕಿಸದೆ ನೆಲಕ್ಕೆ ಕೂತರು. ಅಕ್ಕನ ಕೈ ತಂಗಿಯ ಎಣ್ಣೆ ತಲೆಯ ಮೇಲೆ ಆಡುತ್ತಿತ್ತು.

"ಹೇಳಿ ಕಳಿಸಿ ಎಷ್ಟು ದಿನಾತು" ಎಂದರು ಅಕ್ಕ ಕೊನೆಗೆ. ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ಆಕಿ ಬರೂದಿಲ್ಲ, ನಾ ಆಡಿದ ಮಾತು ಆಕಿ ಮರತಿಲ್ಲ ಅಂತ ಎಲ್ಲಾರಿಗೂ ಹೇಳಿದೆ. ಆಡಬಾರದಿತ್ತು ನಾ. ಆಡಿದ ಗಳಿಗಿಗೇ ನಾಲಿಗಿ ಕಚ್ಚಕೊಂಡಿದ್ದೆ."

"ಬಂದಿದ್ದೆ ಅಕ್ಕಾ" ಎಂದರು ಅತ್ತೆ. ಅಲ್ಲಿಯವರೆಗೆ ತಡೆದಿದ್ದ ಅಳು ಆಗ ಒಡೆಯಿತು. "ಹೊಂಟಿದ್ದೆ. ವಳಸಂಗದ ತನಕಾ ಬಂದು ಬಂದು ತಿರುಗಿ ಹೋದೆ."

ಅಕ್ಕ ನಂಬಲಿಲ್ಲ. ನನ್ನ ಮುಖ ನೋಡಿ, "ಖರೇ ಏನವ್ವಾ?" ಎಂದರು. ಖರೆ ಎಂದೆ. ಬಿಡಲಿಲ್ಲ. ಯಾವಾಗ ಹೊರಟಿರಿ, ಎಲ್ಲಿ ನಿಲ್ಲಿಸಿದಿರಿ, ಯಾವ ಮರದ ಕೆಳಗೆ ಮಲಗಿಸಿದಿರಿ, ಎಚ್ಚರವಾದ ಮೇಲೆ ಮೊದಲು ಏನು ಅಂದಳು, ಎಲ್ಲ ಕೇಳಿದರು. ಹೇಳಿದೆ. ಒಂದು ಸಲದ್ದು ಮುಗಿದ ಕೂಡಲೇ ಇನ್ನೊಂದು ಸಲದ್ದು ಹೇಳಿಸಿದರು. ಹಸಿದವರು ತುತ್ತಿಗೆ ಕಾಯುವ ಹಾಗೆ ನನ್ನ ಬಾಯನ್ನೇ ನೋಡುತ್ತಿದ್ದರು. ಎಲ್ಲ ಕೇಳಿಸಿಕೊಂಡು, ಮೊಣಕೈ ಊರಿ, ಏಳಲಾಗದವರು ಅರ್ಧ ಎದ್ದರು. ಹಿಡಿಯಲು ಹೋದ ಮಗನ ಕೈಯನ್ನು ತಳ್ಳಿದರು. ಗೋಡೆಯ ಆಚೆ ಪಕ್ಕದ ಮನೆಯವಳು ಪಾತ್ರೆ ತಿಕ್ಕುವ ಸದ್ದು ಕೇಳುತ್ತಿತ್ತು. ಆ ಬಡಕಲು ಎದೆಯಲ್ಲಿ ಎಲ್ಲಿತ್ತೋ ಅಷ್ಟು ದನಿ, ಅವಳನ್ನು ಕೂಗಿ ಕರೆದರು.

"ಏ ತಂಗೀ! ಕೇಳಿಲ್ಲಿ! ನನ್ನ ತಂಗಿ ಬರಲಿಲ್ಲ ಅಂತ ನಿನ್ನ ಮುಂದ ಅಂದಿದ್ನಲ್ಲ, ಅದು ಸುಳ್ಳ. ಬಂದಿದ್ಳಂತ! ಆವಾಗನ ಬಂದಿದ್ಳಂತ!"